ಪಡೆ ಬಂತು, ವಿಚಾರಣೆ ಎಲ್ಲಿಗೆ ಬಂತು?

ಮಾನ್ಯ ಸಂಪಾದಕರೇ,

ದಕ್ಷಿಣ ಕನ್ನಡದಲ್ಲಿ ಹಿಂಸೆ ಹೆಚ್ಚಾಗಿದೆಯೇ, ಕಡಿಮೆಯಾಗಿದೆಯೇ ಎಂಬ ಜಗಳ ಪ್ರತಿ ಕೊಲೆಯ ಮರುದಿನ ಶುರುವಾಗಿ ಹದಿನೈದು ದಿನಗಳಲ್ಲಿ ತಣ್ಣಗಾಗುತ್ತದೆ. ವಿರೋಧ ಪಕ್ಷದವರು ‘ಜಿಲ್ಲೆ ಹೊತ್ತಿ ಉರಿಯುತ್ತಿದೆ’ ಎನ್ನುತ್ತಾರೆ. ಆಡಳಿತ ಪಕ್ಷದವರು, ಅವರು ಯಾರೇ ಆಗಿರಲಿ, ಹಿಂದಿನ ವರ್ಷಗಳ ಪಟ್ಟಿ ತೆಗೆದು ‘ನಿಮ್ಮ ಕಾಲಕ್ಕಿಂತ ಕಡಿಮೆ’ ಎನ್ನುತ್ತಾರೆ. ಇಬ್ಬರೂ ಓದುವ ಸಂಖ್ಯೆ ಸರಿಯೇ ಇರಬಹುದು. ಆದರೆ ವರ್ಷದ ಒಟ್ಟು ಕೊಲೆಗಳ ಎಣಿಕೆಯಿಂದ ಈ ಜಿಲ್ಲೆಯ ರೋಗ ಗೊತ್ತಾಗುವುದಿಲ್ಲ. ಇಲ್ಲಿನ ತೊಂದರೆ ಕೊಲೆಗಳ ಸಂಖ್ಯೆಯಲ್ಲಿಲ್ಲ, ಒಂದು ಕೊಲೆ ಇನ್ನೊಂದನ್ನು ಹುಟ್ಟಿಸುವುದರಲ್ಲಿದೆ. ಅದನ್ನು ತಡೆಯುವ ಕೆಲಸ ನಾಕಾಬಂದಿಯಲ್ಲಿ ಆಗುವುದಕ್ಕಿಂತ ಹೆಚ್ಚಾಗಿ ಠಾಣೆಯ ಬರಹಗಾರನ ಮೇಜಿನಲ್ಲೂ ಸೆಷನ್ಸ್ ನ್ಯಾಯಾಲಯದಲ್ಲೂ ಆಗಬೇಕು.

ಮೊದಲು ಲೆಕ್ಕದ ಮಾತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಯ ಜಿಲ್ಲಾವಾರು ಕೋಷ್ಟಕದಲ್ಲಿ ‘ಮಂಗಳೂರು ನಗರ’ ಒಂದು ಸಾಲು, ‘ದಕ್ಷಿಣ ಕನ್ನಡ’ ಇನ್ನೊಂದು ಸಾಲು. 2010ರಲ್ಲಿ ಪೊಲೀಸ್ ಕಮಿಷನರೇಟ್ ಆದ ಮೇಲೆ ಮಂಗಳೂರು, ಸುರತ್ಕಲ್, ಪಣಂಬೂರು, ಬಜ್ಪೆ, ಉಳ್ಳಾಲ ಎಲ್ಲ ಕಮಿಷನರ ಕೈಗೆ ಹೋದವು; ಬಂಟ್ವಾಳ, ಪುತ್ತೂರು, ಸುಳ್ಯ, ಬೆಳ್ತಂಗಡಿ ಎಸ್ಪಿಯ ಬಳಿ ಉಳಿದವು. ಆ ವರ್ಷದ ಹಿಂದಿನ ಮತ್ತು ಮುಂದಿನ ‘ದಕ್ಷಿಣ ಕನ್ನಡ’ದ ಸಾಲನ್ನು ಮಾತ್ರ ಹೋಲಿಸಿದರೆ ಅಪರಾಧ ದಿಢೀರನೆ ಇಳಿದಂತೆ ಕಾಣುತ್ತದೆ. ಇಳಿದದ್ದು ಅಪರಾಧವಲ್ಲ, ಠಾಣೆಗಳ ಸಂಖ್ಯೆ. ಬೆಳಗಾವಿ, ಕಲಬುರಗಿಗಳಲ್ಲೂ ನಗರದ್ದು ಬೇರೆ ಸಾಲು. ಕೋಲಾರದಲ್ಲಂತೂ ಕೆಜಿಎಫ್ ಎಂಬ ಪ್ರತ್ಯೇಕ ಪೊಲೀಸ್ ಜಿಲ್ಲೆಯೇ ಇದೆ. ಎರಡೂ ಸಾಲು ಕೂಡಿಸದೆ ‘ಜಿಲ್ಲೆಯ ಅಪರಾಧ’ ಎಂದು ಬರೆದ ಯಾವ ವರದಿಯನ್ನೂ ನಂಬಬೇಡಿ.

ಎರಡನೆಯದು ಮುಖ್ಯ ಅಪರಾಧದ ನಿಯಮ. ಒಂದು ಎಫ್‌ಐಆರ್‌ನಲ್ಲಿ ಹಲವು ಕಲಂಗಳಿದ್ದರೆ ಬ್ಯೂರೋ ಅತಿ ಘೋರವಾದ ಒಂದನ್ನು ಮಾತ್ರ ಎಣಿಸುತ್ತದೆ. ಹತ್ತು ಜನ ಗುಂಪು ಕಟ್ಟಿ ಬಂದು ಒಬ್ಬನನ್ನು ಕೊಂದು, ಇಬ್ಬರನ್ನು ಕಡಿದು, ಒಂದು ಬೈಕಿಗೆ ಬೆಂಕಿ ಇಟ್ಟರು ಎನ್ನಿ. ಕೋಷ್ಟಕದಲ್ಲಿ ಅದು ಒಂದು ಕೊಲೆ, ಅಷ್ಟೇ. ಗಲಭೆ, ಕೊಲೆ ಯತ್ನ, ಬೆಂಕಿ ಹಚ್ಚಿದ್ದು ಯಾವುದೂ ಬೇರೆಯಾಗಿ ಬರುವುದಿಲ್ಲ. ‘ಗಲಭೆ ಪ್ರಕರಣ ಇಳಿಕೆ’ ಎಂಬ ಶೀರ್ಷಿಕೆ ಕೊಡುವ ಮುನ್ನ ಇದು ನೆನಪಿರಬೇಕು.

ಮೂರನೆಯದು ಸಣ್ಣ ಸಂಖ್ಯೆಯ ಆಟ. ದೇಶದಲ್ಲಿ 2022ರಲ್ಲಿ 28,522, 2023ರಲ್ಲಿ 27,721 ಕೊಲೆ ಪ್ರಕರಣಗಳು ದಾಖಲಾದವು. 2022ರ ದರ ಲಕ್ಷ ಜನರಿಗೆ 2.1. 2011ರ ಜನಗಣತಿಯಂತೆ ದಕ್ಷಿಣ ಕನ್ನಡದ ಜನಸಂಖ್ಯೆ 20,89,649. ದೇಶದ ದರವನ್ನೇ ಹಾಕಿದರೆ ವರ್ಷಕ್ಕೆ ಸುಮಾರು 44 ಕೊಲೆ ಬರುತ್ತದೆ. ಇಷ್ಟು ಚಿಕ್ಕ ಸಂಖ್ಯೆ ಯಾವ ಕಾರಣವೂ ಇಲ್ಲದೆ ಒಂದು ವರ್ಷ 31ಕ್ಕೆ ಇಳಿಯಬಹುದು, ಇನ್ನೊಂದು ವರ್ಷ 57ಕ್ಕೆ ಏರಬಹುದು. ಹಾಗಾಗಿ ‘ಶೇ 20 ಏರಿಕೆ’ಗೂ ‘ಶೇ 20 ಇಳಿಕೆ’ಗೂ ಹೆಚ್ಚಿನ ಬೆಲೆಯಿಲ್ಲ. 5,54,519 ಜನರ ಕೊಡಗಿನಲ್ಲಾದರೆ ಒಂದೇ ಮನೆಯ ದುರಂತ ಇಡೀ ವರ್ಷದ ದರವನ್ನು ಬುಡಮೇಲು ಮಾಡುತ್ತದೆ. ಐದು ವರ್ಷದ ಚಲಿಸುವ ಸರಾಸರಿ (ಪ್ರತಿ ವರ್ಷವೂ ಹಿಂದಿನ ಐದು ವರ್ಷ ಸೇರಿಸಿ ತೆಗೆದ ಸರಾಸರಿ) ತೆಗೆದುಕೊಳ್ಳಿ, ಅದಕ್ಕಿಂತ ಕಡಿಮೆ ಅವಧಿಯದ್ದರಿಂದ ನೀತಿ ಮಾಡಬೇಡಿ.

ಹಾಗಾದರೆ ಯಾವುದನ್ನು ಎಣಿಸಬೇಕು? ಆಯುಧ ಬೀಸಿದ ಪ್ರತಿ ಘಟನೆಯನ್ನು. ತಲವಾರಿನ ಏಟು ತಿಂದವನು ಬದುಕುವುದೋ ಸಾಯುವುದೋ ಬಹಳ ಸಲ ಎರಡು ಅಂಗುಲದ ಅಂತರ ಮತ್ತು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಮುಟ್ಟಿಸಲು ತಗಲಿದ ಹೊತ್ತಿನ ಮೇಲೆ ನಿಂತಿರುತ್ತದೆ. ಹೊಡೆದವನ ಉದ್ದೇಶ ಒಂದೇ. ಐಪಿಸಿಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103 (ಕೊಲೆ), 109 (ಕೊಲೆ ಯತ್ನ), 117 (ತೀವ್ರ ಗಾಯ) ಮತ್ತು 118 (ಮಾರಕಾಯುಧದಿಂದ ಗಾಯ) ಇವನ್ನು ಒಟ್ಟಿಗೆ ಕೂಡಿಸಿ, ನಗರ ಮತ್ತು ಜಿಲ್ಲೆ ಎರಡೂ ಘಟಕಗಳಿಗೆ, ತಿಂಗಳುವಾರು, ಠಾಣಾವಾರು ನೋಡಿದರೆ ಮಾತ್ರ ಏರಿಳಿತ ಕಾಣುತ್ತದೆ. ಜೊತೆಗೆ ಅಸಹಜ ಸಾವಿನ ಪುಸ್ತಕವನ್ನೂ ತೆರೆಯಬೇಕು. 2025ರ ಏಪ್ರಿಲ್ 27ರಂದು ಮಂಗಳೂರಿನ ಕುಡುಪುವಿನಲ್ಲಿ ಗುಂಪೊಂದು ಒಬ್ಬರನ್ನು ಹೊಡೆದು ಕೊಂದಾಗ ಅದು ಮೊದಲು ಅಸಹಜ ಸಾವು ಎಂದೇ ದಾಖಲಾಗಿತ್ತು, ಆಮೇಲೆ ಕೊಲೆ ಪ್ರಕರಣವಾಯಿತು. ಕರ್ತವ್ಯಲೋಪಕ್ಕಾಗಿ ಇನ್ಸ್‌ಪೆಕ್ಟರ್ ಸೇರಿ ಮೂವರು ಅಮಾನತಾದರು. ಹೆಣ ಕಣ್ಣೆದುರು ಇದ್ದಾಗಲೇ ಹೀಗಾದರೆ, ಗಾಯಾಳು ತಾನೇ ನಡೆದುಕೊಂಡು ಆಸ್ಪತ್ರೆಗೆ ಹೋದ ಪ್ರಕರಣಗಳ ಗತಿ ಊಹಿಸಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ, ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. ಮೊದಲ ರಾತ್ರಿ ಎಫ್‌ಐಆರ್‌ನಲ್ಲಿ ಯಾವ ಕಲಂ ಬೀಳುತ್ತದೆ ಎಂಬುದರ ಮೇಲೆ ಇಡೀ ಪ್ರಕರಣದ ಹಣೆಬರಹ ನಿರ್ಧಾರವಾಗುತ್ತದೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು ಎಂದು ಸಿಆರ್‌ಪಿಸಿಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 176(3) ಹೇಳುತ್ತದೆ. ಅದನ್ನು ಕಡ್ಡಾಯ ಮಾಡಿ ಅಧಿಸೂಚನೆ ಹೊರಡಿಸಲು ರಾಜ್ಯಗಳಿಗೆ 2024ರ ಜುಲೈ 1ರಿಂದ ಐದು ವರ್ಷ ಕಾಲಾವಕಾಶವಿದೆ. ನ್ಯಾಯ ಸಂಹಿತೆಯ 109ಕ್ಕೆ ಹತ್ತು ವರ್ಷ, ಗಾಯವಾಗಿದ್ದರೆ ಜೀವಾವಧಿಯವರೆಗೂ ಶಿಕ್ಷೆ. 118(1)ಕ್ಕೆ ಹೆಚ್ಚೆಂದರೆ ಮೂರು ವರ್ಷ. ಅದೇ ತಲವಾರು, ಅದೇ ಹೆಗಲ ಗಾಯ; ‘118(1)’ ಎಂದು ಬರೆದರೆ ತಜ್ಞರು ಬರಬೇಕಿಲ್ಲ. ಅಷ್ಟೇ ಅಲ್ಲ, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ನಡೆಸಲು ಸುರಕ್ಷಾ ಸಂಹಿತೆಯ ಕಲಂ 173(3) ಅವಕಾಶ ಕೊಡುತ್ತದೆ. ಪೇಟೆಯ ಅಂಗಡಿಗಳ ಸಿಸಿಟಿವಿ ಪೆಟ್ಟಿಗೆಗಳಲ್ಲಿ ದೃಶ್ಯ ಉಳಿಯುವುದು ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ದಿನ. ಹದಿನಾಲ್ಕು ದಿನ ‘ವಿಚಾರಣೆ’ ಮಾಡಿ ಹದಿನಾರನೇ ದಿನ ಅಂಗಡಿಗೆ ಹೋದರೆ ಸಿಗುವುದು ಖಾಲಿ ಡಿಸ್ಕ್. ಆದ್ದರಿಂದ ಎಸ್ಪಿ ಮತ್ತು ಕಮಿಷನರು ಒಂದೇ ಒಂದು ಸ್ಥಾಯಿ ಆದೇಶ ಹೊರಡಿಸಲಿ: ಹರಿತವಾದ ಆಯುಧದ ಗಾಯ ಎಲ್ಲೇ ಆಗಿರಲಿ, ಕಲಂ ಯಾವುದೇ ಇರಲಿ, ಪ್ರಾಥಮಿಕ ವಿಚಾರಣೆ ಇಲ್ಲದೆ ಎಫ್‌ಐಆರ್, 48 ಗಂಟೆಯೊಳಗೆ ಸಿಸಿಟಿವಿ ವಶ, ಸ್ಥಳ ಪರೀಕ್ಷೆಗೆ ಸೋಕೊ (ಅಪರಾಧ ಸ್ಥಳದ ಸಾಕ್ಷ್ಯ ಸಂಗ್ರಹಿಸುವ) ಸಿಬ್ಬಂದಿ. ಇದಕ್ಕೆ ಹೊಸ ಕಾನೂನೂ ಬೇಡ, ಹೊಸ ಬಜೆಟ್ಟೂ ಬೇಡ.

ಈಗ ಸರಣಿಯ ವಿಷಯ. 2022ರ ಜುಲೈ 19ರಿಂದ 28ರೊಳಗೆ ಬೆಳ್ಳಾರೆ ಕಡೆ ಎರಡು, ಸುರತ್ಕಲ್‌ನಲ್ಲಿ ಒಂದು ಮಾರಣಾಂತಿಕ ಹಲ್ಲೆ ನಡೆಯಿತು, ಮೂವರೂ ಉಳಿಯಲಿಲ್ಲ. ಸಂಜೆ ಆರಕ್ಕೆ ಅಂಗಡಿ ಬಾಗಿಲು ಹಾಕಿಸಿದ ನಿಷೇಧಾಜ್ಞೆಯನ್ನು ಜಿಲ್ಲೆ ಮರೆತಿಲ್ಲ. 2025ರ ಮೇ 1ರಂದು ಬಜ್ಪೆಯಲ್ಲಿ ಒಂದು, ಮೇ 27ರಂದು ಬಂಟ್ವಾಳ ತಾಲ್ಲೂಕಿನಲ್ಲಿ ಇನ್ನೊಂದು ಕೊಲೆ. ಬೆಳ್ಳಾರೆ ಮತ್ತು ಬಂಟ್ವಾಳ ಎಸ್ಪಿಯ ವ್ಯಾಪ್ತಿ, ಸುರತ್ಕಲ್ ಮತ್ತು ಬಜ್ಪೆ ಕಮಿಷನರ ವ್ಯಾಪ್ತಿ. ಎರಡು ಸಲವೂ ಕಿಡಿ ಒಂದು ಘಟಕದಿಂದ ಇನ್ನೊಂದಕ್ಕೆ ದಾಟಿದೆ. ಬಜ್ಪೆಯಲ್ಲಿ ಕೊಲೆಯಾದಾತ 2022ರ ಸುರತ್ಕಲ್ ಪ್ರಕರಣದಲ್ಲಿ ಆರೋಪಿಯಾಗಿದ್ದು ಜಾಮೀನಿನ ಮೇಲೆ ಹೊರಗಿದ್ದವನು. ಅಂದರೆ ಎರಡು ವರ್ಷ ಒಂಬತ್ತು ತಿಂಗಳು ಕಳೆದರೂ ಆ ಪ್ರಕರಣದಲ್ಲಿ ತೀರ್ಪು ಬಂದಿರಲಿಲ್ಲ. ಆತ ಅಪರಾಧಿಯೋ ನಿರಪರಾಧಿಯೋ ಎಂದು ನ್ಯಾಯಾಲಯ ಹೇಳುವುದಕ್ಕೆ ಮೊದಲೇ ಬೀದಿಯಲ್ಲಿ ತಲವಾರು ತೀರ್ಮಾನ ಮಾಡಿತು. ಈ ಪತ್ರದಲ್ಲಿ ಒಂದೇ ಸಂಗತಿಯನ್ನು ಓದಲು ಪುರುಸೊತ್ತಿರುವವರು ಇದನ್ನು ಓದಲಿ.

ಸರ್ಕಾರ ಮಾಡಿದ್ದೇನು? 2025ರ ಜೂನ್‌ನಲ್ಲಿ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗೆಂದು 248 ಸಿಬ್ಬಂದಿಯ ವಿಶೇಷ ಕಾರ್ಯಪಡೆ ಕಟ್ಟಿತು. ಅದೇ ಹೊತ್ತಿಗೆ 36 ಮಂದಿಯ ಗಡಿಪಾರು ಪ್ರಕ್ರಿಯೆ ಶುರುವಾಯಿತು. ಪಡೆ ಬೇಡವೆನ್ನುವುದಿಲ್ಲ. ಮಾಹಿತಿ ಕಲೆಹಾಕಲು, ಎರಡು ಘಟಕಗಳ ನಡುವೆ ಓಡಾಡಲು ಅದು ಉಪಯೋಗಕ್ಕೆ ಬರುತ್ತದೆ. ಗಡಿಪಾರಿನ ಮೇಲೆ ಮಾತ್ರ ನಮಗೆ ಅಷ್ಟು ಭರವಸೆಯಿಲ್ಲ. ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 55ರ ಆದೇಶ ನಿಲ್ಲಬೇಕಾದರೆ ಇತ್ತೀಚಿನ ಕೃತ್ಯಗಳು, ಸಾಕ್ಷಿ ಹೇಳಲು ಜನ ಹೆದರುತ್ತಿದ್ದಾರೆ ಎಂಬುದಕ್ಕೆ ಹೇಳಿಕೆಗಳು, ಆ ದೂರದ ಜಿಲ್ಲೆಯೇ ಏಕೆ ಎಂಬುದಕ್ಕೆ ಕಾರಣ ಇವೆಲ್ಲ ಕಡತದಲ್ಲಿರಬೇಕು. ಹತ್ತು ವರ್ಷದ ಹಳೆಯ, ಖುಲಾಸೆಯಾದ ಕೇಸುಗಳ ಪಟ್ಟಿ ಅಂಟಿಸಿ ಕಳಿಸಿದ ಪ್ರಸ್ತಾವ ಹೈಕೋರ್ಟಿನಲ್ಲಿ ಬಿದ್ದುಹೋಗುತ್ತದೆ. ಬಿದ್ದ ಮರುದಿನ ಆತ ಊರಿಗೆ ಬರುವುದು ಮೆರವಣಿಗೆಯಲ್ಲಿ. ವಿಚಾರಣೆಗೆ ಮೊದಲೇ ಮುಂಜಾಗ್ರತೆಯಾಗಿ ಬಂಧಿಸಿಡುವ ಗೂಂಡಾ ಕಾಯ್ದೆಯದ್ದೂ ಇದೇ ಕಥೆ: 12 ದಿನದೊಳಗೆ ಸರ್ಕಾರದ ಅನುಮೋದನೆ, ಆಮೇಲೆ ಸಲಹಾ ಮಂಡಳಿ, ನಡುವೆ ಒಂದು ದಾಖಲೆಯ ಪ್ರತಿ ಓದಲಾಗದಂತಿದ್ದರೂ, ಬಂಧಿತನ ಮನವಿಗೆ ಉತ್ತರ ತಡವಾದರೂ ಆದೇಶ ರದ್ದು. ರೌಡಿಗಳ ಪೆರೇಡ್ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಕ್ಯಾಮೆರಾಗಳಿಗೆ ಒಳ್ಳೆಯ ದೃಶ್ಯ.

ಇದಕ್ಕಿಂತ ಕೆಲಸಕ್ಕೆ ಬರುವ, ಆದರೆ ಅಸಡ್ಡೆಗೆ ಗುರಿಯಾದ ಸಾಧನ ಮುಚ್ಚಳಿಕೆ, ಅಂದರೆ ತಂಟೆ ಮಾಡುವುದಿಲ್ಲವೆಂದು ದಂಡಾಧಿಕಾರಿಗೆ ಬರೆದುಕೊಡುವ ಬಾಂಡ್. ಶಾಂತಿ ಕಾಪಾಡುವ ಮುಚ್ಚಳಿಕೆಯನ್ನು ಸುರಕ್ಷಾ ಸಂಹಿತೆಯ ಕಲಂ 126ರಡಿ ಒಂದು ವರ್ಷದವರೆಗೆ, ರೂಢಿಗತ ಅಪರಾಧಿಗಳಿಂದ ಸನ್ನಡತೆಯದ್ದನ್ನು 129ರಡಿ ಮೂರು ವರ್ಷದವರೆಗೆ ಬರೆಸಿಕೊಳ್ಳಬಹುದು. ಶಾಂತಿಯ ಮುಚ್ಚಳಿಕೆ ಮುರಿದದ್ದು ಸಾಬೀತಾದರೆ ಉಳಿದ ಅವಧಿಗೆ ಜೈಲಿಗೆ ಕಳಿಸಲು ಕಲಂ 141ರಲ್ಲಿ ಅಧಿಕಾರವಿದೆ. ನಡೆಯುವುದೇನು? ಹಬ್ಬದ ಹಿಂದಿನ ವಾರ ಠಾಣೆಯಿಂದ ರಾಶಿ ರಾಶಿ ವರದಿ ಹೋಗುತ್ತದೆ. ಜಿಲ್ಲೆಯ ಭಾಗದಲ್ಲಿ ಅದನ್ನು ನೋಡಬೇಕಾದವರು ತಹಶೀಲ್ದಾರರು. ಅವರ ಮೇಜಿನ ಮೇಲೆ ಪಹಣಿ ತಿದ್ದುಪಡಿ, ಅಕ್ರಮ-ಸಕ್ರಮ, ಮಳೆಹಾನಿ, ಚುನಾವಣೆ. ವಿಚಾರಣೆ ಆರು ತಿಂಗಳಲ್ಲಿ ಮುಗಿಯದಿದ್ದರೆ, ವಿಶೇಷ ಕಾರಣ ಬರೆದು ಮುಂದುವರಿಸದ ಹೊರತು, ಪ್ರಕರಣ ತಾನಾಗಿಯೇ ಬಿದ್ದುಹೋಗುತ್ತದೆ. ವಿಚಾರಣೆಯನ್ನೇ ನಡೆಸದೆ ಅಚ್ಚಿನ ನಮೂನೆಗೆ ಸಹಿ ಹಾಕಿಸಿಕೊಂಡರೆ ಮೇಲಿನ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ನಗರದಲ್ಲಿ ಈ ಅಧಿಕಾರ ಪೊಲೀಸ್ ಅಧಿಕಾರಿಗಳಿಗೇ ಇದೆ, ಅಲ್ಲಿ ವೇಗ ಹೆಚ್ಚು. ಜಿಲ್ಲೆಯ ಭಾಗದಲ್ಲಿ ಆ ವೇಗವಿಲ್ಲ. ಪ್ರತಿ ಉಪವಿಭಾಗಕ್ಕೆ ಈ ಕೆಲಸಕ್ಕೆಂದೇ ಒಬ್ಬ ಕಾರ್ಯನಿರ್ವಾಹಕ ದಂಡಾಧಿಕಾರಿಯನ್ನು ವಾರಕ್ಕೆ ಎರಡು ದಿನ ಕೂರಿಸಿ. ಊರಿಗೆ ಊರೇ ಪಟ್ಟಿ ಕಳಿಸುವುದನ್ನು ಬಿಟ್ಟು, ಹಲ್ಲೆ ನಡೆದ ಎರಡು ಬಳಗಗಳ ಹತ್ತು ಹನ್ನೆರಡು ಜನರ ಮೇಲೆ ಮಾತ್ರ, ಪುರಾವೆ ಸಮೇತ ನಡೆಸಿ.

ಇನ್ನು ವಿಚಾರಣೆಯ ಮಾತು. ಕೊಲೆ ಪ್ರಕರಣಗಳು ಬೀಳುವುದು ನಾಟಕೀಯ ಕಾರಣಗಳಿಗಲ್ಲ, ಸಣ್ಣ ಸಣ್ಣ ತಪ್ಪುಗಳಿಗೆ. ರಕ್ತಸಿಕ್ತ ಬಟ್ಟೆಯನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಮಾಲುಕೋಣೆಯಲ್ಲಿಟ್ಟರೆ ಕರಾವಳಿಯ ಸೆಕೆಗೆ ನಾಲ್ಕೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ, ಡಿಎನ್‌ಎ ಹಾಳಾಗುತ್ತದೆ. ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಗೆ ಹಾಕಬೇಕು, ಪ್ರತಿ ಬಟ್ಟೆಗೂ ಬೇರೆ ಲಕೋಟೆ. ಆರೋಪಿ ತೋರಿಸಿದ ಜಾಗದಿಂದ ಕತ್ತಿ ತೆಗೆದ ಮಹಜರಿಗೆ ಪ್ರತಿ ಕೇಸಿನಲ್ಲೂ ಅದೇ ಇಬ್ಬರು ಪಂಚರು (ಮಹಜರಿನ ಸಾಕ್ಷಿಗಳು) ಬಂದರೆ ಪಾಟೀಸವಾಲಿನ ಮೂರನೇ ಪ್ರಶ್ನೆಗೇ ಮಹಜರು ಮುಗಿಯಿತು. ಶೋಧ ಮತ್ತು ವಶಪಡಿಸಿಕೊಳ್ಳುವುದನ್ನು ಚಿತ್ರೀಕರಿಸಬೇಕೆಂದು ಸುರಕ್ಷಾ ಸಂಹಿತೆಯ ಕಲಂ 105 ಹೇಳುತ್ತದೆ. ಆದರೆ ಪೇದೆಯ ಸ್ವಂತ ಫೋನಿನಲ್ಲಿ ತೆಗೆದು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಅಲ್ಲಿಂದ ಪೆನ್‌ಡ್ರೈವ್‌ಗೆ ಇಳಿಸಿದ ವಿಡಿಯೊಗೆ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರದ ಎರಡೂ ಭಾಗಗಳು ಮತ್ತು ಹ್ಯಾಶ್ ಮೌಲ್ಯ (ವಿಡಿಯೊ ಬದಲಾಗಿಲ್ಲವೆಂದು ತೋರಿಸುವ ಗುರುತು ಸಂಖ್ಯೆ) ಹೊಂದುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ಗಾಯದ ಪ್ರಮಾಣಪತ್ರದಲ್ಲಿ ‘ಎಕ್ಸ್‌ರೇ ವರದಿ ಬಂದ ಮೇಲೆ ಅಭಿಪ್ರಾಯ’ ಎಂದು ಬರೆದದ್ದು ದೋಷಾರೋಪ ಪಟ್ಟಿ ಸಲ್ಲಿಸುವವರೆಗೂ ಹಾಗೇ ಉಳಿಯುತ್ತದೆ. ತೀವ್ರ ಗಾಯ ಸಾದಾ ಗಾಯವಾಗುತ್ತದೆ. ವಶಪಡಿಸಿದ ಆಯುಧವನ್ನು ವೈದ್ಯರಿಗೆ ತೋರಿಸಿ ‘ಈ ಗಾಯ ಇದರಿಂದ ಆಗಬಹುದೇ’ ಎಂದು ಲಿಖಿತ ಅಭಿಪ್ರಾಯ ಪಡೆಯುವುದನ್ನು ಮರೆಯುವವರೂ ಇದ್ದಾರೆ. ಮಂಗಳೂರಿನಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ, ಬೆಂಗಳೂರಿನ ಮಡಿವಾಳದ ಪ್ರಯೋಗಾಲಯದವರೆಗೆ ಎಲ್ಲವನ್ನೂ ಹೊರಬೇಕಿಲ್ಲ. ಮಾದರಿ ತಲುಪಿದ ದಿನ, ವರದಿ ಹೊರಟ ದಿನ ಎರಡನ್ನೂ ಪ್ರಕರಣವಾರು ಜಿಲ್ಲಾ ನ್ಯಾಯಾಧೀಶರ ಮಾಸಿಕ ಸಭೆಯ ಮುಂದಿಟ್ಟರೆ ವಿಳಂಬ ಎಲ್ಲಿದೆ ಎಂಬುದು ತಾನಾಗಿ ಬಯಲಾಗುತ್ತದೆ.

ಸಾಕ್ಷಿಗಳು ತಿರುಗಿ ಬೀಳುವುದು ಈ ಜಿಲ್ಲೆಯ ದೊಡ್ಡ ಕಾಯಿಲೆ, ಮತ್ತು ಅದರಲ್ಲಿ ಸಾಕ್ಷಿಯ ತಪ್ಪು ಕಡಿಮೆ. ಆರೋಪಿಯ ಮನೆ ಎರಡು ಬೀದಿ ಆಚೆ, ವಿಚಾರಣೆ ಮೂರು ವರ್ಷ ಆಚೆ. 2018ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆ ಇದೆ. ಈಗ ಸುರಕ್ಷಾ ಸಂಹಿತೆಯ ಕಲಂ 398 ಕೂಡ ಪ್ರತಿ ರಾಜ್ಯ ಯೋಜನೆ ಮಾಡಿ ಅಧಿಸೂಚಿಸಬೇಕೆನ್ನುತ್ತದೆ. 2018ರ ಯೋಜನೆಯಲ್ಲಿ ಅರ್ಜಿ ಹೋಗುವುದು ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ. ಡಿವೈಎಸ್ಪಿ ಐದು ಕೆಲಸದ ದಿನಗಳಲ್ಲಿ ಬೆದರಿಕೆಯ ವರದಿ ಕೊಡಬೇಕು. ರಕ್ಷಣೆ ಒಂದು ಸಲಕ್ಕೆ ಮೂರು ತಿಂಗಳು, ಬೇಕಾದರೆ ಮತ್ತೆ. ಅರ್ಜಿಯನ್ನು ಸಾಕ್ಷಿಯೇ ಬರೆದುಕೊಂಡು ಬರಲಿ ಎಂದು ಕಾದರೆ ಯಾರೂ ಬರುವುದಿಲ್ಲ. ಪ್ರತೀಕಾರದ ಕೊಲೆಯಲ್ಲಿ ಪ್ರತ್ಯಕ್ಷದರ್ಶಿ ಎಂದು ಹೆಸರು ಬಿದ್ದ ದಿನವೇ ತನಿಖಾಧಿಕಾರಿಯೇ ಅರ್ಜಿ ಹಾಕುವುದು ರೂಢಿಯಾಗಬೇಕು. ಇನ್ನೊಂದು ಉಪಾಯ ಕೈಯಲ್ಲೇ ಇದೆ: ಹತ್ತು ವರ್ಷ, ಜೀವಾವಧಿ ಅಥವಾ ಮರಣದಂಡನೆಯ ಅಪರಾಧಗಳಲ್ಲಿ ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ದಾಖಲಿಸಲೇಬೇಕು ಎಂದು ಕಲಂ 183(6) ಹೇಳುತ್ತದೆ. ಮೊದಲ ವಾರದಲ್ಲೇ ಕರೆದೊಯ್ಯಿರಿ, ಮೂರು ತಿಂಗಳ ಮೇಲಲ್ಲ. ಆ ಹೇಳಿಕೆಯೊಂದರಿಂದಲೇ ಶಿಕ್ಷೆಯಾಗದು ನಿಜ, ಆದರೆ ಸಾಕ್ಷಿಯ ಮೇಲೆ ಒತ್ತಡ ತರುವವರಿಗೆ ಆಟ ಕಷ್ಟವಾಗುತ್ತದೆ.

2022ರ ಮತ್ತು 2025ರ ಸರಣಿಗಳೆರಡರಲ್ಲೂ ಒಂದೊಂದು ಪ್ರಕರಣ ರಾಷ್ಟ್ರೀಯ ತನಿಖಾ ಸಂಸ್ಥೆಗೆ (ಎನ್‌ಐಎ) ಹೋಯಿತು, ಅದರ ಪ್ರತಿಕ್ರಿಯೆ ಎನ್ನಲಾದ ಪ್ರಕರಣ ಸ್ಥಳೀಯ ಪೊಲೀಸರಲ್ಲೇ ಉಳಿಯಿತು. ಕಾನೂನಿನ ಪ್ರಕಾರ ಸರಿಯೇ ಇರಬಹುದು. ಆದರೆ ಒಂದು ಮನೆಯವರ ಕೇಸು ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ, ಇನ್ನೊಂದು ಮನೆಯವರದ್ದು ಮಂಗಳೂರಿನಲ್ಲಿ, ಎರಡಕ್ಕೂ ಬೇರೆ ಬೇರೆ ವೇಗ ಎಂದಾಗ ಎರಡೂ ಕಡೆ ‘ನಮಗೆ ಅನ್ಯಾಯ’ ಎಂಬ ಮಾತಿಗೆ ಗೊಬ್ಬರ ಬೀಳುತ್ತದೆ. ಪರಿಹಾರದಲ್ಲೂ ಹಾಗೇ ಆಯಿತು. 2022ರಲ್ಲಿ ಒಂದು ಕುಟುಂಬಕ್ಕೆ ಸರ್ಕಾರ ತಕ್ಷಣ 25 ಲಕ್ಷ ರೂಪಾಯಿ ಕೊಟ್ಟಿತು, ಉಳಿದವರಿಗೆ ಅಷ್ಟೇ ಮೊತ್ತ ಸಿಕ್ಕಿದ್ದು ಸರ್ಕಾರ ಬದಲಾದ ಮೇಲೆ, 2023ರಲ್ಲಿ. ಸುರಕ್ಷಾ ಸಂಹಿತೆಯ ಕಲಂ 396ರಡಿ ಸಂತ್ರಸ್ತರ ಪರಿಹಾರ ಯೋಜನೆ ಇರುವಾಗ ಮಂತ್ರಿಗಳ ಕೈಯಿಂದ ಚೆಕ್ ಏಕೆ ಬರಬೇಕು? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮಧ್ಯಂತರ ಪರಿಹಾರವನ್ನು ನಿಯಮದಂತೆ, ಯಾವ ಧರ್ಮವೆಂದು ಕೇಳದೆ, ಶವಸಂಸ್ಕಾರ ಮುಗಿದ ವಾರದೊಳಗೆ ಕೊಡಲಿ.

ಕೊನೆಗೆ, ಮೊದಲ ಮೂವತ್ತು ದಿನದ ಕೆಲಸ. ಅಮೆರಿಕದ ಸಫಕ್ ಕೌಂಟಿಯ ಬಾಸ್ಟನ್ ನಗರದಲ್ಲಿ 1996ರಲ್ಲಿ ಪೊಲೀಸರು, ಪ್ರಾಸಿಕ್ಯೂಟರುಗಳು, ಬೀದಿಯಲ್ಲಿ ಓಡಾಡುವ ಸಮಾಜ ಕಾರ್ಯಕರ್ತರು ಮತ್ತು ಚರ್ಚಿನವರು ಸೇರಿ, ಪರಸ್ಪರ ಸೇಡಿನಲ್ಲಿದ್ದ ಗುಂಪುಗಳ ಹುಡುಗರನ್ನು ಎದುರು ಕೂರಿಸಿ ‘ನಿಮ್ಮಲ್ಲಿ ಒಬ್ಬ ಗುಂಡು ಹಾರಿಸಿದರೂ ಇಡೀ ಗುಂಪಿನ ಪ್ರತಿ ಹಳೆ ವಾರಂಟನ್ನೂ ಎಬ್ಬಿಸುತ್ತೇವೆ; ಬಿಡಬೇಕೆನ್ನುವವರಿಗೆ ಕೆಲಸ ಹುಡುಕಿಕೊಡುತ್ತೇವೆ’ ಎಂದು ನೇರವಾಗಿ ಹೇಳಿದರು. ಯುವಕರ ಕೊಲೆಗಳ ಮಾಸಿಕ ಸರಾಸರಿ ಶೇ 63 ಇಳಿಯಿತೆಂದು 2001ರ ಅಧ್ಯಯನ ಹೇಳಿತು. ನಡೆಸುತ್ತಿದ್ದವರು ಚದುರಿ 2000ದಲ್ಲಿ ಅದು ನಿಂತಾಗ ಕೊಲೆಗಳು ಮತ್ತೆ ಏರಿದವು. ಅಲ್ಲಿನದು ಗ್ಯಾಂಗುಗಳ ಬಂದೂಕು, ಇಲ್ಲಿನದು ಧರ್ಮದ ಬಣ್ಣ ಬಳಿದ ತಲವಾರು. ಹಾಗೇ ಎತ್ತಿ ತರಲಾಗದು. ತರಬಹುದಾದದ್ದು ವಾರದ ಪರಿಶೀಲನೆ. ಕಮಿಷನರ್, ಎಸ್ಪಿ, ವಿಶೇಷ ಪಡೆಯ ಮುಖ್ಯಸ್ಥ, ಸರ್ಕಾರಿ ಅಭಿಯೋಜಕರು ಸೋಮವಾರ ಒಂದು ಗಂಟೆ ಒಂದೇ ಮೇಜಿನಲ್ಲಿ ಕೂತು, ಹಿಂದಿನ ಏಳು ದಿನಗಳ ಪ್ರತಿ ಆಯುಧದ ಹಲ್ಲೆಗೂ ಮೂರು ಪ್ರಶ್ನೆ ಕೇಳಲಿ: ಹೊಡೆದವನ ಬಳಗ ಯಾವುದು, ಗಾಯಾಳುವಿನ ಗೆಳೆಯರಲ್ಲಿ ಸೇಡಿನ ಮಾತಾಡುತ್ತಿರುವವರು ಯಾರು, ಅವರ ಮನೆಗೆ ಈ ವಾರ ಯಾರು ಹೋಗುತ್ತಾರೆ. ಪೋಸ್ಟ್ ಹಾಕಿ ಪ್ರಚೋದಿಸುವವರ ಮೇಲೆ ನ್ಯಾಯ ಸಂಹಿತೆಯ 196ರಡಿ (ಗುಂಪುಗಳ ನಡುವೆ ದ್ವೇಷ ಹರಡುವುದು) ಕೇಸು ಹಾಕಿದರಷ್ಟೇ ಸಾಲದು. ಸುರಕ್ಷಾ ಸಂಹಿತೆಯ ಕಲಂ 217ರಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ ಅದನ್ನು ಮುಟ್ಟುವಂತಿಲ್ಲ, ಕಡತ ವಿಧಾನಸೌಧದಲ್ಲಿ ಎಷ್ಟು ದಿನದಿಂದ ಇದೆ ಎಂಬುದನ್ನೂ ಅದೇ ಸಭೆಯಲ್ಲಿ ನೋಡಲಿ.

ಪತ್ರಿಕೆಯವರಾದ ನಿಮಗೂ ಒಂದು ಮನವಿ. ಎಫ್‌ಐಆರ್ 24 ಗಂಟೆಯೊಳಗೆ ಅಂತರ್ಜಾಲಕ್ಕೆ ಬರಬೇಕೆಂದು, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು, 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಪತ್ರಿಕಾಗೋಷ್ಠಿಯಲ್ಲಿ ‘ಎಷ್ಟು ರೌಡಿಗಳ ಗಡಿಪಾರು’ ಎಂಬುದರ ಜೊತೆಗೆ ಈ ಪ್ರಶ್ನೆಗಳನ್ನೂ ಕೇಳಿ: 2022ರ ಮೂರು ಪ್ರಕರಣಗಳಲ್ಲಿ ಇದುವರೆಗೆ ಎಷ್ಟು ಸಾಕ್ಷಿಗಳ ವಿಚಾರಣೆ ಆಗಿದೆ, ಎಷ್ಟು ಮಂದಿ ತಿರುಗಿ ಬಿದ್ದಿದ್ದಾರೆ, ಮುಂದಿನ ದಿನಾಂಕ ಯಾವುದು, ಕಳೆದ ಸಲ ಮುಂದೂಡಿದ್ದು ಯಾರ ಕೋರಿಕೆಯ ಮೇಲೆ. ಉತ್ತರವನ್ನು ತಿಂಗಳಿಗೊಮ್ಮೆ ನಾಲ್ಕೇ ಸಾಲಿನ ಚೌಕಟ್ಟಿನಲ್ಲಿ, ಜಿಲ್ಲಾ ಪುಟದಲ್ಲಿ ಅಚ್ಚು ಹಾಕಿ.

ಇಂತಿ,
ಕ್ರಿಮಿನಲ್ ವಕಾಲತ್ತಿನಲ್ಲಿರುವ ಕೆಲವು ಓದುಗರು
ಪುತ್ತೂರು, ದಕ್ಷಿಣ ಕನ್ನಡ